ಬನ್ನಿ ಗಿಡಕ್ಕ ತೆಕ್ಕಿ ಬಿದ್ದು ನಿಂತ ಅಂಬಾರಾಯ

ಕುರಕುಂಟಾದ ಹಿರಿಯರಿಗಿ, ತಾಯಂದಿರಿಗಿ ಶರಣು. ಮುಂದ ಕುಂತ ಅಂಬಾರಾಯನವರ ಹೇಣ್ತಿ ಸಾಬಮ್ಮಕ್ಕಗ, ಅವರ ಮಕ್ಕಳಿಗಿ ಕೈ ಮುಗೀತೀನಿ. ನಾನು ಧರ್ಮಣ್ಣ. ಸೇಡಂ ರಸ್ತಾದ ಸರಕಾರಿ ನರ್ಸರಿಯೊಳಗ ದಿವಂಗತ ಅಂಬಾರಾಯನವರ ಜೋಡಿ ಮಾಲಿ ಕೆಲಸ ಮಾಡಿದಂವ. ನನಗ ಭಾಷಣ ಬರಲ್ಲ. ಸಿಟ್ಟು ಬರ್ತದ.

ನರ್ಸರಿ ಮುಂದಿನ ತೋಟ ನೀವೆಲ್ಲ ನೋಡೀರಿ. ಬರೇ ನಮ್ಮ ಸೀಮಿ ಗಿಡ — ಮುತ್ತಲ, ಹುಲಗಲ, ಪತ್ರಿ, ತಂಗಡಿ. ಒಂದೊಂದಕ್ಕ ತಗಡಿನ ಮ್ಯಾಲ ಹೆಸರು. ಸಾಹೇಬರು ಗುಲಾಬಿ ಹಚ್ಚು ಅಂದ್ರ ಅಂಬಾರಾಯ, "ಗುಲಾಬಿ ನೋಡ್ಲಾಕ ಮಂದಿ ಹೈದರಾಬಾದಕ್ಕ ಹೋಗಲಿ ರೀ. ನಮ್ಮ ಹುಡುಗರಿಗಿ ತಂಗಡಿ ಯಾವುದು, ಲಕ್ಕಿ ಯಾವುದು ಗೊತ್ತಾಗಲಿ" ಅಂದಾನ. ಹಟಮಾರಿ ಮನಷ್ಯಾ. ಒಂದು ಆಡು ಒಳಗ ಬಂದ್ರ ಆಡಿನ ಮಾಲಕಗ ಬೈತಿದ್ದ — ನನಗೂ ಬೈತಿದ್ದ.

ದಸರಾ ಬಂತು. ಊರ ಹಳೀ ಬನ್ನಿ ಗಿಡ ರಸ್ತಾ ಅಗಲ ಮಾಡಾಗ ಹೋಗಿತ್ತು. ಉಳದದ್ದು ನಮ್ಮ ತೋಟದ್ದು ಒಂದೇ. ಅಂಬಾರಾಯ ಮುಂಜಾನೇ ಎರಡು ಹೊರಿ ಬನ್ನಿ ತಪ್ಪಲ ಕೊಯ್ದು ಗೇಟಿಗಿ ಇಟ್ಟಿದ್ದ — ಮ್ಯಾಲಿನ ಓಣಿಗಿ ಒಂದು, ಕೆಳಗಿನ ಓಣಿಗಿ ಒಂದು. ನಿಮಗ ತಪ್ಪಲ ಬೇಕಿರಲಿಲ್ಲ. ಮೊದಲನೇ ಟೊಂಗಿ ಯಾವ ಓಣಿಯವರು ಕಡೀಬೇಕು — ಅದು ಬೇಕಿತ್ತು. ಗೇಟ ಮುರದ್ರಿ. ಸಸಿ ತುಳದ್ರಿ. ಕಲ್ಲು, ಬಡಿಗಿ, ಕೊಡ್ಲಿ. ಅಂಬಾರಾಯ ಗಿಡಕ್ಕ ತೆಕ್ಕಿ ಬಿದ್ದು ನಿಂತ.

ಮೊದಲನೇ ಪೆಟ್ಟು ಹೆಗಲಿಗಿ ಬಿತ್ತು. ಗಿಡಕ್ಕ ಬೀಸಿದ್ದು ತಪ್ಪಿ ಬಿತ್ತು ಅಂತೀರಿ — ಒಪ್ಪಿದೆ. ಎರಡನೇದು? ಬಿದ್ದವನ ಕುತ್ತಿಗಿಗಿ ಹೊಡದದ್ದು — ಅದೂ ತಪ್ಪಿತೇನು? ಪಂಪಿನ ಕಡಿಂದ ಓಡಿಕೋತ ಬಂದು ಅದನ್ನ ನಾ ಕಣ್ಣಾರೆ ನೋಡೀನಿ. ಬಾಯಿ ತುಂಬ ರಕ್ತ. ಅಲ್ಲೇ ಜೀವ ಬಿಟ್ಟ. ಆ ರಕ್ತ ಹತ್ತಿದ ಬನ್ನಿ ಸಂಜಿಗಿ ಮನಿ ಮನಿಗಿ ಹಂಚಿ, ಬಂಗಾರದಂಗ ಇರೋಣ ಅಂತ ಅಪ್ಪಿಕೊಂಡ್ರಿ.

ಠಾಣಾದ ಫೌಜದಾರರು ಬಂದ್ರು. ಯಾರು ಹೊಡದ್ರು ಅಂತ ಕೇಳಿದ್ರು. ಭಗವಂತ ಅಂದೆ. ಪಾಪ, ಹೊಸದಾಗಿ ಮೈಸೂರು ಕಡಿಂದ ಬಂದವರು — ನನ್ನ ಬೆನ್ನ ಮ್ಯಾಲ ಕೈ ಇಟ್ಟು, "ಹೌದಪ್ಪ, ಎಲ್ಲಾ ಅವನ ಇಚ್ಛೆ" ಅಂದ್ರು. ದೇವರಲ್ಲ ಸಾಹೇಬ್ರ, ಮ್ಯಾಲಿನ ಓಣಿ ಚಂದ್ರಾಮಪ್ಪನ ಮಗ ಭಗವಂತ ಅಂತ ಬಿಡಿಸಿ ಹೇಳೀನಿ. ಆಗ ಅವರು ನಿಮ್ಮನ್ನ ಕೇಳಿದ್ರು. ನೀವು — ಬಡದಾಡಿದ ಎರಡೂ ಓಣಿಯವರು, ನಮ್ಮ ಹೆಸರೂ ಬರ್ತದಂತ ಅಂಜಿ ಒಂದಾಗಿ — "ಭಗವಂತಗೇ ಗೊತ್ತು ರೀ" ಅಂದ್ರಿ. ಸುಳ್ಳೂ ಹೇಳಲಿಲ್ಲ, ಖರೇನೂ ಹೇಳಲಿಲ್ಲ. ಭಾಳ ಶಾಣ್ಯಾ ಮಂದಿ. ನನ್ನದೊಂದೇ ಸಾಕ್ಷಿ ಸಾಲಲ್ಲ, ಕೇಸು ಮುಚ್ಚತಾರಂತ.

ಈಗ ಎಲ್ಲರೂ ಎದ್ದು ಅಂಬಾರಾಯನವರ ಸಲುವಾಗಿ ಒಂದು ನಿಮಿಷ ಸುಮ್ಮನ ನಿಲ್ಲೋಣ. ಒಂದೇ ನಿಮಿಷ. ಅದು ಮುಗದ ಮ್ಯಾಲ ಸಾಬಮ್ಮಕ್ಕ, ನಾನು ಠಾಣಾಕ್ಕ ನಡೀತೀವಿ — ನೋಡಿದವರು ಜೋಡಿ ಬರ್ರಿ.

ಏಳ್ರಿ. ಹಿಂದ ಕುಂತವರೂ ಏಳ್ರಿ.

ಭಗವಂತ — ನೀನೂ ಏಳು.