ಕಾಲು ಮಾಡುವವರು ಕೈ ಎತ್ತಿದ್ದು

ವೇದಿಕೆಯ ನಡುವಿನ ಕುರ್ಚಿಯನ್ನೂ ಸಭೆಯ ಶಿಸ್ತನ್ನೂ ಒಟ್ಟಿಗೆ ಹಿಡಿದು ಕುಳಿತಿರುವ ಅಧ್ಯಕ್ಷರಾದ ನಮ್ಮ ಆಸ್ಪತ್ರೆಯ ಅಧೀಕ್ಷಕಿಯವರೇ, ಮುಖ್ಯ ಅತಿಥಿಗಳಾದ ಮೂಳೆ ವೈದ್ಯರೇ, ಇಂದು ನಮ್ಮನ್ನು ಬಿಟ್ಟು ಹೊರಟಿರುವ, ಬೇಕೆಂದೇ ನನ್ನ ಕಡೆ ನೋಡದೆ ಕುಳಿತಿರುವ ನಮ್ಮ ಪ್ರಶ್ನಕ್ಕನವರೇ, ಹಾಗೂ ಕಾಫಿಯ ವಾಸನೆ ಬಂದ ಮೇಲೂ ಎದ್ದು ಹೋಗದ ಸಹೃದಯ ಸಭಿಕರೇ,

ಆಮಂತ್ರಣದಲ್ಲಿ ನನಗೆ ಎರಡು ಕೆಲಸ ಹಚ್ಚಿದ್ದಾರೆ. ಒಂದು, ಬೀಳ್ಕೊಡುಗೆಯ ನುಡಿ. ಇನ್ನೊಂದು, ‘ಆನ್‌ಲೈನ್ ಸಮ್ಮೇಳನಗಳಿಂದ ವೃತ್ತಿಗೆ ನಿಜವಾದ ಲಾಭ ಪಡೆಯುವುದು ಹೇಗೆ’ ಎಂಬ ಉಪನ್ಯಾಸ. ಬೇರೆ ಬೇರೆ ದಿನ ಇಟ್ಟರೆ ಎರಡು ಸಲ ಕಾಫಿ ಕೊಡಬೇಕಾಗುತ್ತದೆ ಎಂದು ಅಧೀಕ್ಷಕಿಯವರು ಕಂಡುಕೊಂಡರು. ಅವರಿಗೇ ತಿಳಿಯದಂತೆ ಅವರು ಒಂದೇ ವಿಷಯವನ್ನು ಎರಡು ಹೆಸರಿನಲ್ಲಿ ಕೊಟ್ಟಿದ್ದಾರೆ. ಹೇಗೆ ಎನ್ನುವಿರಾ?

ನಮ್ಮದು ಕೃತಕ ಕಾಲು ತಯಾರಿಸುವ ವಿಭಾಗ. ಕಟ್ಟಡದ ಹಿಂಭಾಗದಲ್ಲಿ, ಬಟ್ಟೆ ಒಗೆಯುವ ಕೋಣೆಯ ಪಕ್ಕದಲ್ಲಿದೆ. ಜಗತ್ತಿನಲ್ಲಿ ಎಲ್ಲರೂ ಒಬ್ಬರ ಕಾಲನ್ನೊಬ್ಬರು ಎಳೆಯುತ್ತಾರೆ. ಕಾಲು ಕೊಟ್ಟು ಕಳಿಸುವವರು ನಾವು. ಪ್ರಶ್ನಕ್ಕ ಡಿಪ್ಲೊಮಾ ಮುಗಿಸಿ ಇಲ್ಲಿಗೆ ಬಂದ ಮೊದಲ ದಿನವೇ ಕೇಳಿದಳು, “ಸಾರ್, ಪ್ಲಾಸ್ಟರಿಗೆ ಬಿಸಿನೀರು ಯಾಕೆ ಹಾಕ್ತೀರಿ?”

“ಮೊದಲಿಂದಾನೂ ಹಾಕ್ತಿದೀವಮ್ಮ.”

“ಅದು ಉತ್ತರ ಅಲ್ಲ ಸಾರ್, ವಯಸ್ಸು.”

ಆ ಹೆಸರು ಬಿದ್ದದ್ದು ಅಂದೇ.

ಈಗ ಸಮ್ಮೇಳನಕ್ಕೆ ಬರೋಣ. ಕಾಲು ಮಾಡುವವರ ಸಮ್ಮೇಳನ ವರ್ಷಕ್ಕೊಮ್ಮೆ ಪರದೆಯ ಮೇಲೆ ನಡೆಯುತ್ತದೆ. ನಾನು ತಪ್ಪದೆ ಹೋಗುವವನು. ಹೋಗುವುದೆಂದರೇನು? ಕುರ್ಚಿಯನ್ನು ಕಂಪ್ಯೂಟರಿನ ಕಡೆ ತಿರುಗಿಸುವುದು. ಮೇಲೆ ಕೋಟು, ಕೆಳಗೆ ಪ್ಲಾಸ್ಟರ್ ಮೆತ್ತಿದ ಚಪ್ಪಲಿ. ಮೇಲಿನ ಅರ್ಧ ವಿದ್ವಾಂಸ, ಕೆಳಗಿನ ಅರ್ಧ ಕಾರ್ಖಾನೆ. ಎಲ್ಲರ ಮಾತಿಗೂ ತಲೆದೂಗುತ್ತಿದ್ದೆ. ಒಮ್ಮೆಯೂ ಕೈ ಎತ್ತಿದವನಲ್ಲ. ಮದುವೆಗೆ ಹೋಗಿ, ಫೋಟೋಗೆ ನಿಂತು, ಊಟ ಮಾಡದೆ ಬರುವವರಿರುತ್ತಾರಲ್ಲ, ಹಾಗೆ. ಸಂಜೆ ನನ್ನ ಹೆಂಡತಿ ಕೇಳುತ್ತಿದ್ದಳು, “ಏನಂದ್ರು ಇವತ್ತು?”

“ತುಂಬಾ ಒಳ್ಳೆ ವಿಚಾರ ಹೇಳಿದ್ರು ಕಣೇ.”

“ಏನು ವಿಚಾರ?”

“ತುಂಬಾ ಒಳ್ಳೇದು.”

ಅದೇ ಕಾಲಕ್ಕೆ (ನೋಡಿ, ಎಲ್ಲಿ ಹೋದರೂ ಕಾಲು ಬಿಡದು) ಬಟ್ಟೆ ಹೊಲಿಯುವ ಹೆಂಗಸೊಬ್ಬರು ನಮ್ಮಲ್ಲಿಗೆ ಬರುತ್ತಿದ್ದರು. ನಾವು ದರ್ಜಿಯಕ್ಕ ಎನ್ನುತ್ತಿದ್ದೆವು. ಒಂದು ಕಾಲು ಮೊಣಕಾಲಿನ ಕೆಳಗೆ ಇಲ್ಲ. ನಾವು ಮಾಡಿಕೊಟ್ಟ ಕಾಲಿನಲ್ಲಿ ನಡೆಯುತ್ತಿದ್ದರು, ಮೆಟ್ಟಿಲು ಹತ್ತುತ್ತಿದ್ದರು. ಆದರೆ ಕೂತು ಮಿಷನ್ನಿನ ಪೆಡಲ್ ತುಳಿದರೆ ಮಾತ್ರ, ಮೋಟುಗಾಲು ಕೂರುವ ಬಟ್ಟಲಿನ ಹಿಂದಿನ ಅಂಚು ಮೊಣಕಾಲಿನ ಹಿಂಬದಿಯನ್ನು ಕಚ್ಚಿ ಗಾಯ ಮಾಡುತ್ತಿತ್ತು. ಬಟ್ಟಲು ಬದಲಿಸಿದೆವು. ಮತ್ತೆ ಬದಲಿಸಿದೆವು. ಅವರು ಹೇಳಿದರು, “ಸಾರ್, ನೀವು ಕೊಟ್ಟ ಕಾಲಿಗಿಂತ ಕೊಟ್ಟ ಕಾರಣಾನೇ ಜಾಸ್ತಿ. ನಿಂತ್ಕೊಂಡು ಹೊಲಿಯೋ ಮಿಷನ್ನಾದ್ರೂ ಮಾಡ್ಕೊಡಿ.”

ಆ ವರ್ಷದ ಸಮ್ಮೇಳನದಲ್ಲಿ ದೂರದೇಶದ ಹಿರಿಯ ತಜ್ಞೆಯೊಬ್ಬರು ಮಾತು ಮುಗಿಸಿ, ಪ್ರಶ್ನೆಗಳಿವೆಯೇ ಎಂದರು. ಅದೇ ಹೊತ್ತಿಗೆ ಪ್ರಶ್ನಕ್ಕ ಬಟ್ಟಲು ಉಜ್ಜುವ ಉಪ್ಪುಕಾಗದ ಹುಡುಕಿಕೊಂಡು ನನ್ನ ಕೋಣೆಗೆ ಬಂದಳು. ಮೊಣಕೈವರೆಗೆ ಪ್ಲಾಸ್ಟರ್.

“ಸಾರ್, ನಮ್ಮ ದರ್ಜಿಯಕ್ಕನ ವಿಷಯ ಕೇಳಿ.”

“ಅಲ್ಲಿ ಅಂಥದ್ದೆಲ್ಲ ಕೇಳಬಾರದಮ್ಮ. ಅದು ಸಮ್ಮೇಳನ.”

“ಮತ್ತೆ ಇನ್ನೆಲ್ಲಿ ಕೇಳೋದು, ಒಗೆಯೋ ಕೋಣೇಲಾ?”

ಅವಳೇ ಬಾಗಿ ಮೈಕು ಒತ್ತಿದಳು. ಆ ಬಿಳಿ ಬೆರಳಿನ ಗುರುತು ಕೀಬೋರ್ಡಿನ ಮೇಲೆ ಇಂದಿಗೂ ಇದೆ. ಬೆರಳಚ್ಚು ಎಂಬ ಮಾತಿನ ಅರ್ಥ ನನಗೆ ಆದದ್ದು ಅಂದು. ಗಾಯ ಮಾಡುತ್ತಿದ್ದ ಬಟ್ಟಲನ್ನೇ ತಂದು ಕ್ಯಾಮೆರಾದ ಮುಂದೆ ಹಿಡಿದಳು. ಆ ಹಿರಿಯರು ಕನ್ನಡಕ ಏರಿಸಿ, ತಿರುಗಿಸಿ ಎಂದರು, ಹತ್ತಿರ ತನ್ನಿ ಎಂದರು, ಹಿಂದಿನ ಅಂಚು ತಗ್ಗಿಸಿ ನೋಡಿ ಎಂದರು.

ತಗ್ಗಿಸಿದೆವು. ಕೂತರೆ ಹಾಯಿ, ನಿಂತರೆ ಕಾಲು ಸಡಿಲ! ನಾನು ಹೇಳಿದೆ, “ದೊಡ್ಡವರು ಹೇಳಿದಾರೆ. ಒಂದು ಥ್ಯಾಂಕ್ಸ್ ಬರೆದು ಸುಮ್ನಾಗು.” ಅವಳು ಏನು ಬರೆದಳು ಗೊತ್ತೇ? ‘ನಿಮ್ಮ ಸಲಹೆ ಕೆಲಸ ಮಾಡಲಿಲ್ಲ.’ ಜೊತೆಗೆ ಎಲ್ಲಿ ಸಡಿಲ, ಎಷ್ಟು ಸಡಿಲ ಎಂಬ ಫೋಟೋ ಬೇರೆ. ನನಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಉತ್ತರ ಬಂತು: ‘ಇಷ್ಟು ವರ್ಷ ಸಲಹೆ ಕೊಟ್ಟಿದ್ದೇನೆ. ಆಮೇಲೆ ಏನಾಯಿತೆಂದು ತಿರುಗಿ ಹೇಳಿದವರು ನೀವೇ ಮೊದಲು. ಬನ್ನಿ, ಸೇರಿ ನೋಡೋಣ.’

ಉಪನ್ಯಾಸ ಬೇಕಾದವರು ಇಷ್ಟು ಬರೆದುಕೊಳ್ಳಿ. ಸಮ್ಮೇಳನಕ್ಕೆ ಕೋಟು ಬೇಡ. ನಿಮ್ಮ ಕೈಯಲ್ಲಿ ಬಗೆಹರಿಯದ ಒಂದು ಕೆಲಸವಿರಲಿ. ಅದನ್ನು ನಾಚದೆ ತೋರಿಸಿ. ಹೇಳಿದ್ದನ್ನು ಮಾಡಿ ನೋಡಿ, ಏನಾಯಿತೆಂದು ಬರೆಯಿರಿ. ಕೆಟ್ಟರಂತೂ ತಪ್ಪದೆ ಬರೆಯಿರಿ. ಸಮ್ಮೇಳನ ಶುರುವಾಗುವುದೇ ಪರದೆ ಆರಿದ ಮೇಲೆ. ಉಪನ್ಯಾಸ ಮುಗಿಯಿತು.

ಪ್ರಶ್ನಕ್ಕನೂ ಆ ಹಿರಿಯರೂ ಸೇರಿ ಬಟ್ಟಲಿನ ಹಿಂಬದಿಗೆ ಬಾಗುವಂಥ ಮೆದು ಅಂಚು ಕೂರಿಸಿದರು. ದರ್ಜಿಯಕ್ಕನ ಮಿಷನ್ನನ್ನು ನಮ್ಮ ಕೋಣೆಗೇ ತರಿಸಿದೆವು. ಅವರು ತುಳಿದರು, ತುಳಿದರು. ಕೊನೆಗೆ ಕಾಲು ಬಿಚ್ಚಿ, ಸವರಿ ನೋಡಿ ಅಂದರು, “ಏನೂ ಆಗಿಲ್ಲ. ಪಾಪ, ಇನ್ನು ಸಾರ್‌ಗೆ ಕಾರಣ ಹೇಳೋ ಕೆಲಸ ತಪ್ತು.” ಇವತ್ತು ಪ್ರಶ್ನಕ್ಕ ತೊಟ್ಟಿರುವ ಕೋಟು ಅವರದೇ ಹೊಲಿಗೆ. ಪ್ಲಾಸ್ಟರ್ ಮೆತ್ತದ ಬಟ್ಟೆಯಲ್ಲಿ ಅವಳನ್ನು ನೋಡುವುದು ನನಗೂ ಹೊಸದು.

ಆ ಅಂಚಿನ ಬಗ್ಗೆ ಮರುವರ್ಷ ಅವಳೇ ಪರದೆಯ ಮೇಲೆ ಮಾತಾಡಿದಳು. ಈಗ ಆ ಹಿರಿಯರು ಅವಳನ್ನು ತಮ್ಮ ಕಾರ್ಯಾಗಾರಕ್ಕೇ ಕೆಲಸಕ್ಕೆ ಕರೆದಿದ್ದಾರೆ. ಕರೆ ಬಂದದ್ದನ್ನು ಅವಳು ನನಗೆ ಹೇಳಲಿಲ್ಲ. ಅವಳ ಗಂಡ ಬಂದು ಹೇಳಿದ, “ಹೋಗಲ್ಲ ಅಂತಾಳೆ ಸಾರ್. ಇಲ್ಲಿ ಬಟ್ಟಲು ಯಾರು ನೋಡ್ತಾರೆ ಅಂತಾಳೆ.”

ಬಟ್ಟಲು ನೋಡುವುದೆಂದರೆ ಒಳಗೆಲ್ಲ ಹೆಬ್ಬೆರಳಾಡಿಸಿ ಎಲ್ಲಿ ತರಿಯಿದೆ ಎಂದು ಹುಡುಕುವುದು. ಅದು ನನ್ನ ಕೆಲಸ. ಈಚೆಗೆ ನನ್ನ ಹೆಬ್ಬೆರಳಿಗೆ ತರಿ ಯಾವುದು, ನುಣುಪು ಯಾವುದು ಸರಿಯಾಗಿ ತಿಳಿಯುವುದಿಲ್ಲ. ಇದನ್ನು ಹೇಳಬೇಕೆಂದಿರಲಿಲ್ಲ, ಬಾಯಿ ಜಾರಿತು. ನಾನು ನೋಡಿಟ್ಟ ಪ್ರತಿ ಬಟ್ಟಲನ್ನೂ ಅವಳು ಉಪ್ಪುಕಾಗದ ಹುಡುಕುವ ನೆಪದಲ್ಲಿ ಬಂದು ಮತ್ತೊಮ್ಮೆ ನೋಡುತ್ತಿದ್ದಳು. ಅವಳು ಹುಡುಕಿದಷ್ಟು ಉಪ್ಪುಕಾಗದದಲ್ಲಿ ಈ ಇಡೀ ಕಟ್ಟಡವನ್ನು ಉಜ್ಜಬಹುದಿತ್ತು.

ನಾನು ಕರೆದು ಹೇಳಿದೆ, “ಸ್ವಂತ ಕಾಲ ಮೇಲೆ ನಿಲ್ಲಿ ಅಂತ ಊರಿಗೆಲ್ಲ ಹೇಳೋ ವಿಭಾಗ ನಮ್ದು. ಅದರ ಮುಖ್ಯಸ್ಥನೇ ನಿನ್ನ ಮೇಲೆ ಒರಗಿಕೊಂಡು ನಿಂತ್ರೆ ನಗಲ್ವೇನಮ್ಮ ಜನ? ಹೊರಡು.”

“ಮತ್ತೆ ಬಟ್ಟಲು?”

ಅದಕ್ಕೆ ಉತ್ತರ ನನ್ನಲ್ಲಿ ಇವತ್ತು ಇದೆ. ಕೇಳಮ್ಮ ಪ್ರಶ್ನಕ್ಕ, ಈಗಲಾದರೂ ಈ ಕಡೆ ನೋಡು.

ಬರುವ ಸಮ್ಮೇಳನದಲ್ಲಿ ನೀನು ಪರದೆಯ ಆ ಕಡೆ, ನಾನು ಈ ಕಡೆ, ಕೋಟಿಲ್ಲದೆ. ಪ್ರಶ್ನೆಗಳಿವೆಯೇ ಎಂದು ನೀನು ಅಂದ ಕೂಡಲೇ ಏಳುವ ಮೊದಲ ಕೈ ನನ್ನದು. ಬೆರಳಿಗೆ ತಿಳಿಯದವನು ತರಿಯನ್ನು ಹೇಗೆ ಕಂಡುಹಿಡಿಯಬೇಕು ಎಂದು ಎಲ್ಲರೆದುರಿಗೇ ಕೇಳುತ್ತೇನೆ. ನೀನು ಹೇಳಿದ ಹಾಗೆ ಮಾಡುತ್ತೇನೆ. ಆಮೇಲೆ ಬರೆಯುತ್ತೇನೆ: ‘ನಿನ್ನ ಸಲಹೆ ಕೆಲಸ ಮಾಡಲಿಲ್ಲ.’ ಕೆಲಸ ಮಾಡಿದರೂ ಹಾಗೆಯೇ ಬರೆಯುತ್ತೇನೆ. ನೀನು ಮತ್ತೆ ಉತ್ತರ ಬರೆಯಬೇಕಲ್ಲ.

ಮಾತು ಉದ್ದವಾದರೂ ಗಂಟೆ ಬಾರಿಸದ ಅಧ್ಯಕ್ಷರಿಗೆ, ಕಾಫಿ ಆರಲು ಬಿಟ್ಟು ಕೇಳಿದ ನಿಮಗೆಲ್ಲರಿಗೆ ನನ್ನ ವಂದನೆಗಳು. ಕೈ ಎತ್ತುವುದು ರೂಢಿಯಾಗಲೆಂದು ಎರಡನ್ನೂ ಈಗಲೇ ಎತ್ತಿ, ಹಾಗೆಯೇ ಜೋಡಿಸುತ್ತಿದ್ದೇನೆ. ನಮಸ್ಕಾರ.