ಹಿಂದೆ ನಡೆದು ಬಂದವಳು

ನಗೋದಿದ್ರೆ ಈಗಲೇ ನಕ್ಕುಬಿಡಿ. ಆಮೇಲೆ ಬೇಡ... ಇದು ನಮ್ಮ ದೊಡ್ಡಪ್ಪನ ಮಗ ಬಸವಪ್ರಭುಗೇ ಆಗಿದ್ದು. ಇಂಗ್ಲೆಂಡಿನ ಡರ್ಬಿಯಲ್ಲಿ ವಿಮಾನದ ಎಂಜಿನ್ ಕೆಲಸ ಅವನದು. ದೆವ್ವ ಗಿವ್ವ ನಂಬೋ ಪೈಕಿ ಅಲ್ಲವೇ ಅಲ್ಲ.

ಅವನೂ ಹೆಂಡತಿ ನಿವೇದಿತಾನೂ ಬೇರೆಯಾಗೋದು ಅಂತ ತೀರ್ಮಾನ ಆಗಿಹೋಗಿತ್ತು. ಆದರೆ ಅಮೆರಿಕದ ಮರುಭೂಮಿ ಕಣಿವೆಗಳ ನ್ಯಾಷನಲ್ ಪಾರ್ಕುಗಳಲ್ಲಿ ನಡೆಯೋಕೆ ಅಂತ ಮೊದಲೇ ಟಿಕೆಟ್ ಬುಕ್ ಮಾಡಿಟ್ಟಿದ್ರು. "ಹೋಗಿಬಂದೇ ಬಿಡೋಣ" ಅಂದಳಂತೆ. ಹೋದರು. ಎಂಥೆಂಥ ಕೆಂಪು ಬಂಡೆ ಕಂಡರೂ ಒಬ್ಬರಿಗೊಬ್ಬರು ತೋರಿಸಲಿಲ್ಲ.

ಕೊನೇ ದಿನ, ಯೂಟಾ ರಾಜ್ಯದಲ್ಲಿ, ಒಂದು ಇಕ್ಕಟ್ಟಾದ ಕೊರಕಲಿಗೆ ಇಳಿದರು. ಎರಡೂ ಕಡೆ ಮುಗಿಲೆತ್ತರದ ಗೋಡೆ. ಒಬ್ಬರ ಹಿಂದೆ ಒಬ್ಬರು ನಡೆಯೋವಷ್ಟೇ ಜಾಗ. ದಾರಿ ಸುತ್ತುಹಾಕಿ ಮತ್ತೆ ಕಾರು ನಿಲ್ಲಿಸಿದಲ್ಲಿಗೇ ಬರುತ್ತೆ. ಇವನು ಮುಂದೆ. ಸ್ವಲ್ಪ ದೂರ ಹೋಗಿರಬೇಕು, ಹಿಂದಿನಿಂದ ಕೂಗಿದಳು... "ರೀ..."

ಕೇಳಿಸಿತು. ಆದರೆ ಹಟ. ತಿರುಗಲಿಲ್ಲ.

ಒಂದು ಗಳಿಗೆ ಎಲ್ಲ ಸ್ತಬ್ಧ. ಆಮೇಲೆ ಮರಳ ಮೇಲೆ ಬೂಟಿನ ಸದ್ದು... ಸರ್... ಸರ್... ಅವಳು ಊರಿಕೊಂಡು ನಡೀತಿದ್ದ ಕೋಲು ಕಲ್ಲಿಗೆ ತಾಗೋದು... ಟಿಕ್... ಟಿಕ್... ಬರ್ತಿದಾಳೆ ಅಂದುಕೊಂಡ.

ಹೊತ್ತು ಇಳಿಯಿತು. ಕೊರಕಲಲ್ಲಿ ಕತ್ತಲು ಬೇಗ. ಆ ಹೆಜ್ಜೆ ಮಾತ್ರ ಬಿಡದೆ ಬರ್ತಾನೇ ಇತ್ತು. ಕೇಳ್ತಾ ಕೇಳ್ತಾ ಇವನ ಎದೆ ಕರಗಿತಂತೆ.

"ನಿವಿ," ಅಂದ, ಮುಂದೆ ನೋಡಿಕೊಂಡೇ. "ತಪ್ಪು ನಂದೇ. ಬಿಟ್ಟು ಹೋಗಬೇಡ. ಮನೆಗೆ ಬಾ."

ಕೋಲು ನಿಂತಿತು.

"ಕರೀತಿದ್ದೀರಾ?" ಕಿವಿಯ ಹತ್ತಿರವೇ... ಪಿಸುದನಿ. ಅವಳದೇ.

"ಹೂಂ. ಬಾ."

"ಬರ್ತೀನಿ."

ಕೈ ಹಿಂದಕ್ಕೆ ಚಾಚಿದ. ಒಂದು ಕೈ ಬಂದು ಹಿಡಿಯಿತು. ಒಣಗಿದ ಸೌದೆ ಹಿಡಿದ ಹಾಗಿತ್ತಂತೆ. ಹಗಲೆಲ್ಲ ಬಿಸಿಲಿಗೆ ಒಣಗಿದೆ ಅಂದುಕೊಂಡ. ಅತ್ತೇಬಿಟ್ಟ. ಕಣ್ಣೊರೆಸಿಕೊಂಡು ತಿರುಗಬೇಕು, ಅಷ್ಟರಲ್ಲಿ ಕೊರಕಲು ಮುಗಿದು ಎದುರಿಗೇ ಕಾರು ಕಂಡಿತು.

ಕಾರಿನೊಳಗೆ ನಿವೇದಿತಾ ಕೂತಿದ್ದಳು.

ಬೂಟು ಬಿಚ್ಚಿದ್ದಳು. ಪಾದ ಊದಿಕೊಂಡಿತ್ತು. "ಕಾಲು ಉಳುಕಿತು. ಕೂಗಿದೆ. ನೀವು ತಿರುಗಿ ಕೂಡ ನೋಡಲಿಲ್ಲ," ಅಂದಳು. ಹಿಂದೆ ಬರ್ತಿದ್ದ ಪ್ರವಾಸಿಗರು ಯಾರೋ ಅವಳನ್ನ ಹಿಡಿದು ಬಂದ ದಾರೀಲೇ ವಾಪಸ್ ಕರ್ಕೊಂಡು ಬಂದಿದ್ರಂತೆ.

ಇವನು ತಿರುಗಿ ನೋಡಿದ. ಕೈ ಖಾಲಿ. ಯಾರೂ ಇಲ್ಲ.

ಆ ಮಾತನ್ನ ಇವಳ ಮುಂದೆ ಇನ್ನೊಂದು ಸಲ ಆಡಬಹುದಿತ್ತು. ಬಗ್ಗಿ ಬೂಟಿನ ಮರಳು ಕೊಡವಿದ. ಅವಳು ಕಾದಳು... ಆಮೇಲೆ ಕಿಟಕಿ ಕಡೆ ಮುಖ ತಿರುಗಿಸಿದಳು.

ಡೈವೋರ್ಸ್ ಆಯ್ತು. ಅವಳು ಲೀಡ್ಸ್‌ಗೆ ಹೋದಳು. ಹೋದ ನವೆಂಬರಲ್ಲಿ ಉಳಿದ ಸಾಮಾನು ತಗೊಳ್ಳೋಕೆ ಡರ್ಬಿಗೆ ಬಂದಳು. ಸ್ಟೇಷನ್ನಿಂದ ಬಸವನ ಮನೆಗೆ ಕರ್ಕೊಂಡು ಹೋದವನು, ಅದೇ ಊರಲ್ಲಿರೋ ನಾನೇ. ತನ್ನ ಹತ್ತಿರ ಉಳಿದಿದ್ದ ಕೀಲಿಕೈಯಿಂದ ಬೀಗ ತೆಗೆದಳು. ಬಾಗಿಲು ನಾಲ್ಕು ಬೆರಳು ತೆರೆದು, ಟಣ್ ಅಂತ ನಿಂತುಬಿಡ್ತು.

"ಇಷ್ಟು ಬೇಗ ಇನ್ನೊಬ್ಬಳನ್ನ ಕರ್ಕೊಂಡು ಬಂದಾಯ್ತಾ!" ಅಂದು, ಕೀಲಿಕೈ ಒಳಗೆ ಎಸೆದು ಹೊರಟೇ ಹೋದಳು. ಇವತ್ತಿಗೂ ಹಾಗೇ ನಂಬಿದಾಳೆ.

ನೀವು ನಂಬಿ, ಬಿಡಿ. ಬಸವ ಒಬ್ಬನೇ ಇರೋದು. ಆವಾಗ ಆಫೀಸಿನಲ್ಲಿದ್ದ, ನಾನೇ ಫೋನ್ ಮಾಡಿ ಕೇಳಿದೆ. ನನ್ನ ಕಣ್ಣಾರೆ ನೋಡಿದ್ದು ಹೇಳ್ತಿದೀನಿ... ಬಾಗಿಲಿಗೆ ಒಳಗಡೆಯಿಂದ ಚೈನು ಹಾಕಿತ್ತು.