ಸಾಕುವವರಿಗೆ ಕೇಳಿಸದ ‘ಸಾಕು’

ಆ ಎಡಗಡೆ ಕಂಬದ ಹತ್ತಿರ ಕುಳಿತ ತಾಯಿ, ನಿಮ್ಮನ್ನೇ ಆಗಿನಿಂದ ನೋಡುತ್ತಿದ್ದೇನೆ. ಇಲ್ಲ, ಡಬ್ಬಿ ಮುಚ್ಚಬೇಡಿ, ಸೆರಗಿನಲ್ಲಿ ಅಡಗಿಸಲೂ ಬೇಡಿ. ನಾನು ಇಲ್ಲಿ ಪ್ರವಚನಕ್ಕೆ ಕುಳಿತು ಜೀವ, ಶಿವ ಅಂತ ಹೇಳುತ್ತಿದ್ದೇನೆ, ನೀವು ಅಲ್ಲಿ ‘ಇದೊಂದು ತುತ್ತು, ಇದೊಂದೇ ತುತ್ತು’ ಅನ್ನುತ್ತಿದ್ದೀರಿ. ನಿಮ್ಮ ಮಗ ನಮ್ಮಿಬ್ಬರಲ್ಲಿ ಯಾರ ಮಾತನ್ನೂ ಕೇಳುತ್ತಿಲ್ಲ. ಉಳಿದವರು ನಗಬೇಡಿ, ನಕ್ಕವರ ಮನೆಯಲ್ಲೂ ಇದೇ ಕಥೆ. ಇವತ್ತು ಹೇಳಬೇಕೆಂದುಕೊಂಡು ಬಂದ ವಿಷಯ ಬೇರೆ ಇತ್ತು, ಅದು ಇರಲಿ. ಜೀವ, ಶಿವ ಎಲ್ಲಿಗೂ ಹೋಗುವುದಿಲ್ಲ. ಇವತ್ತು ತುತ್ತಿನ ಮಾತನ್ನೇ ಆಡೋಣ.

ಒಂದು ಊರು ಅಂತ ಇಟ್ಟುಕೊಳ್ಳಿ. ಆ ಊರಿಗೊಬ್ಬ ಸಾಹುಕಾರ. ಹೆಸರು ಕೇಳಬೇಡಿ, ಹೇಳಿದರೆ ಅವನ ಬೀಗರು ಇಲ್ಲೇ ಎಲ್ಲೋ ಕುಳಿತಿರುತ್ತಾರೆ. ಹೊಲ ಇತ್ತು, ಎಣ್ಣೆ ಗಾಣ ಇತ್ತು, ಕೊಟ್ಟಿಗೆ ತುಂಬ ಹಾಲು ಕರೆಯುವ ದನ ಇತ್ತು. ಆದರೆ ಊರವರು ಅವನನ್ನು ಹೊಗಳುತ್ತಿದ್ದದ್ದು ಇದಕ್ಕಲ್ಲ, ನೋಡಿ. ಮಠದ ದಾಸೋಹದಲ್ಲಿ ಅವನು ಬಡಿಸುವ ರೀತಿಗೆ. ಶ್ರಾವಣ ಸೋಮವಾರ ಪಂಕ್ತಿ ಕುಳಿತಾಗ ಧೋತರ ಎತ್ತಿ ಕಟ್ಟಿ, ಗೋಧಿ ಹುಗ್ಗಿಯ ಬಕೀಟು ಹಿಡಿದು ತಾನೇ ಬರುತ್ತಿದ್ದ. ಬಡಿಸುವುದು ಎಲ್ಲರಿಗೂ ಬರುತ್ತದೆ. ನಿಲ್ಲಿಸುವುದು ಎಷ್ಟು ಜನರಿಗೆ ಬರುತ್ತದೆ? ಉಣ್ಣುವವರು ಎಲೆಯ ಮೇಲೆ ಹೀಗೆ ಅಂಗೈ ಅಡ್ಡ ಹಿಡಿದರೆ ಅವನ ಸೌಟು ಅಲ್ಲೇ ನಿಲ್ಲುತ್ತಿತ್ತು. ‘ಇನ್ನೊಂದು ಸ್ವಲ್ಪ’ ಇಲ್ಲ, ‘ನನ್ನಾಣೆ’ ಇಲ್ಲ, ‘ನಾಚಿಕೊಳ್ಳಬೇಡಿ’ ಅನ್ನುವುದೂ ಇಲ್ಲ.

“ಉಣ್ಣಾವ್ರ ಹೊಟ್ಟಿ ನನಗೇನ್ ಗೊತ್ತಪ್ಪಾ? ಅದು ಅವರಿಗೇ ಗೊತ್ತು” ಅನ್ನುತ್ತಿದ್ದ.

ಎಷ್ಟು ಒಳ್ಳೆಯ ಮಾತು ಅಲ್ಲವೇ? ಆದರೆ ಮನೆಗೆ ಬಂದಾಗ ಚಪ್ಪಲಿ ಬಾಗಿಲಲ್ಲಿ ಬಿಡುತ್ತೇವಲ್ಲ, ಹಾಗೆ ಈ ಮಾತನ್ನೂ ಬಾಗಿಲಲ್ಲೇ ಬಿಟ್ಟು ಒಳಗೆ ಹೋಗುತ್ತಿದ್ದ.

ಒಳಗೆ ಯಾರಿದ್ದರು? ಐದು ವರ್ಷದ ಮೊಮ್ಮಗಳು, ನೀಲವ್ವ. ಕೂಸು ಸರಿಯಾಗಿ ಉಣ್ಣುತ್ತಿರಲಿಲ್ಲ. ರೊಟ್ಟಿಯ ನಡುವಿನದು ತಿಂದು ಅಂಚು ಬಿಡುವುದು. ಸಾರಿನಲ್ಲಿ ಬೇಳೆ ಕಂಡರೆ ಸಾರೇ ಬೇಡ. ಎಣ್ಣೆಗಾಯಿ ಮಾಡಿದ ಬದನೇಕಾಯಿ ಕಂಡರೆ ಎದ್ದು ಓಟ. ಮೆಂತ್ಯದ ಎಲೆ ಉಗುರಿನಷ್ಟು ನಾಲಿಗೆಗೆ ಸಿಕ್ಕರೂ ಇಡೀ ತುತ್ತು ಹೊರಗೆ. ಬಿಳಿ ಅನ್ನ, ಮೊಸರು, ಮೇಲೆ ಒಂದು ಚಿಟಿಕೆ ಉಪ್ಪು, ಇಷ್ಟೇ ಅದರ ಊಟ.

ಈಗ ಒಂದು ಮಾತು ಹೇಳುತ್ತೇನೆ, ಹಿರಿಯರು ಸಿಟ್ಟಾಗಬೇಡಿ. ಆ ಮನೆಯಲ್ಲಿ ಸಾಹುಕಾರ ಹಾಗಲಕಾಯಿ ಮುಟ್ಟುತ್ತಿರಲಿಲ್ಲ. ಅದಕ್ಕೆ ಎಲ್ಲರೂ ‘ಅವರಿಗೆ ಅದು ಸೇರೂದಿಲ್ಲ’ ಅನ್ನುತ್ತಿದ್ದರು. ಅಜ್ಜಿ ಗೆಣಸು ತಿನ್ನುತ್ತಿರಲಿಲ್ಲ, ‘ಆಕಿಗೆ ಅದು ಆಗಿಬರೂದಿಲ್ಲ’. ನೀಲವ್ವನ ತಂದೆ ಬೆಳಗಿನ ಪಲ್ಯ ಸಂಜೆಗೆ ಮುಟ್ಟುತ್ತಿರಲಿಲ್ಲ, ‘ಅವನ ನಾಲಿಗಿ ಭಾಳ ಸೂಕ್ಷ್ಮ’. ಕೂಸು ಮೆಂತ್ಯ ಒಲ್ಲೆ ಅಂದರೆ? ‘ಹಠಮಾರಿ’. ದೊಡ್ಡವರಿಗೆ ಬೇಡವಾದರೆ ಅದು ಸ್ವಭಾವ, ಸಣ್ಣವರಿಗೆ ಬೇಡವಾದರೆ ಅದು ಹಠ. ಇದು ಯಾವ ಶಾಸ್ತ್ರದಲ್ಲಿದೆ? ನಾನಂತೂ ಓದಿಲ್ಲ.

ದಿನವೂ ಊಟದ ಹೊತ್ತಿಗೆ ಪಡಸಾಲೆಯಲ್ಲಿ ನಡುವೆ ಕೂಸು, ಸುತ್ತ ಮನೆಮಂದಿ. ಮೊದಲು ಕೂಸು ಉಣ್ಣಬೇಕು, ಆಮೇಲೆ ಇವರು. ತಾಯಿಯ ಕೈಯಲ್ಲಿ ತುತ್ತು. ಅಜ್ಜಿ ಗುಬ್ಬಿ ತೋರಿಸುವಳು, ತಂದೆ ಮೊಬೈಲಿನಲ್ಲಿ ಹಾಡು ಹಾಕುವನು, ಸಾಹುಕಾರ ಎದುರಿಗೆ ಕುರ್ಚಿ ಹಾಕಿಕೊಂಡು ಫೌಜುದಾರನ ಹಾಗೆ ಕೂರುವನು. ಸ್ವಲ್ಪ ಹೊತ್ತಿಗೆ ಕೂಸು “ಸಾಕು” ಅನ್ನುವುದು.

“ಏನ್ ಸಾಕು? ಗುಬ್ಬಿ ತಿಂದಷ್ಟೂ ತಿಂದಿಲ್ಲ. ಹಾಕು ಇನ್ನೊಂದು ತುತ್ತು” ಅನ್ನುವನು ಸಾಹುಕಾರ.

“ಒಲ್ಲೆ ಅನ್ನಾಕತ್ತಾಳ್ರಿ ಮಾವಾರ” ಅನ್ನುವಳು ಸೊಸೆ.

“ಆಕಿಗೇನ್ ತಿಳೀತೈತಿ? ಹೊಟ್ಟಿ ತುಂಬಿದ್ದು ಸಣ್ಣ ಮಕ್ಕಳಿಗೆ ಗೊತ್ತಾಗತೈತೇನು? ತಾಟಿನ್ಯಾಗ ಬಿಡಬಾರದು, ಅನ್ನ ಅಂದ್ರ ದೇವರು. ಉಣಸು.”

ನೋಡಿ, ಅದೇ ಬಾಯಿ. ಉಣ್ಣುವವರ ಹೊಟ್ಟೆ ಉಣ್ಣುವವರಿಗೇ ಗೊತ್ತು ಅಂದ ಅದೇ ಬಾಯಿ. ಪರರ ಹೊಟ್ಟೆಗೆ ಮರ್ಯಾದೆ ಇದೆ, ಮನೆಯ ಕೂಸಿನ ಹೊಟ್ಟೆಗೆ ಮರ್ಯಾದೆ ಇಲ್ಲ.

ಬರಬರುತ್ತಾ ಕೂಸು ‘ಸಾಕು’ ಅನ್ನುವುದನ್ನೇ ಬಿಟ್ಟಿತು. ದಾರಿಗೆ ಬಂತು ಅಂತ ಮನೆಯವರು ಹಿಗ್ಗಿದರು. ಒಂದು ಮಧ್ಯಾಹ್ನ ಊಟವಾಗಿ ಎಷ್ಟೋ ಹೊತ್ತಾದ ಮೇಲೆ ಸೊಸೆ ಮಲಗಿದ ಮಗಳ ಕೆನ್ನೆ ಸವರಿದಳು. ಕೆನ್ನೆ ಗಟ್ಟಿಯಾಗಿತ್ತು. ಬಾಯಿ ತೆರೆಸಿ ನೋಡಿದರೆ ತುತ್ತು ಅಲ್ಲೇ ಇತ್ತು. ನುಂಗಿಲ್ಲ, ಉಗುಳಿಲ್ಲ. ನುಂಗಿದರೆ ಇನ್ನೊಂದು ತುತ್ತು ಬರುತ್ತದೆ, ಉಗುಳಿದರೆ ಬೈಗುಳ ಬರುತ್ತದೆ. ಅದಕ್ಕೇ ಇಟ್ಟುಕೊಂಡಿತ್ತು. ಐದು ವರ್ಷದ ಜೀವ ತಾನೇ ಹುಡುಕಿಕೊಂಡ ದಾರಿ ಇದು. ಇದನ್ನು ಹೇಳುವಾಗ ನನಗೇ ಸಂಕಟವಾಗುತ್ತದೆ.

ಆಮೇಲಾಮೇಲೆ ತಾಟಿನ ಸದ್ದು ಕೇಳಿದರೇ ಕೂಸಿಗೆ ಓಕರಿಕೆ. ಮೈ ಇಳಿಯಿತು. ಡಾಕ್ಟರು ನೋಡಿ ರೋಗ ಏನೂ ಇಲ್ಲ ಅಂದರು. ಊರು ಯಾರ ಕಡೆ ಬೊಟ್ಟು ಮಾಡಿತು? ಸೊಸೆಯ ಕಡೆ. ‘ಊರಿಗೆಲ್ಲ ನೀಡೋ ಸಾಹುಕಾರನ ಮನ್ಯಾಗ ಕೂಸು ಉಪವಾಸ’ ಅಂತ ಬಾವಿಕಟ್ಟೆಯಲ್ಲಿ ಆಡಿಕೊಂಡರು. ಉಣಿಸುವವಳಿಗೂ ಉಣ್ಣುವವಳಿಗೂ ಅನ್ನ ಅಂದರೆ ಹೆದರಿಕೆ ಆಗಿಹೋಯಿತು. ಹೀಗೇ ಬಿಟ್ಟರೆ ಮಗಳು ನನ್ನ ಕೈಯಿಂದ ಜಾರಿಹೋಗುತ್ತಾಳೆ ಅಂತ ಆ ತಾಯಿ ಒಳಗೊಳಗೇ ನಡುಗುತ್ತಿದ್ದಳು.

ಶ್ರಾವಣದ ಕಡೆಯ ಸೋಮವಾರ ಬಂತು. ಅವತ್ತು ಸೊಸೆ ಮಗಳನ್ನೂ ಕರೆದುಕೊಂಡು ಮಠಕ್ಕೆ ಬಂದು ಪಂಕ್ತಿಯಲ್ಲಿ ಕುಳಿತಳು. ನೀಲವ್ವನಿಗೆ ಅದೇ ಮೊದಲ ಪಂಕ್ತಿ. ಅವಳಿಗೂ ಒಂದು ಎಲೆ, ದೊಡ್ಡವರಿಗೆ ಹಾಕಿದಂಥದೇ ಎಲೆ. ಎದುರು ಸಾಲಿನಲ್ಲಿ ಒಬ್ಬರು ಪಲ್ಯಕ್ಕೆ ಅಂಗೈ ಅಡ್ಡ ಹಿಡಿದರು, ಬಡಿಸುವವನು ಮುಂದೆ ಹೋದ. ಕೂಸು ಅದನ್ನು ನೋಡಿತು.

ಸಾಹುಕಾರ ಹುಗ್ಗಿಯ ಬಕೀಟು ಹಿಡಿದು ಬಂದ. ಮುಖ ನೋಡಿ ಮಣೆ ಹಾಕಬಾರದು ಅಂತ ಅವನ ನೇಮ. ಅದಕ್ಕೆ ಬಡಿಸುವಾಗ ತಲೆ ಎತ್ತುತ್ತಿರಲಿಲ್ಲ, ಎಲೆ ಮಾತ್ರ ನೋಡುತ್ತಿದ್ದ. ಒಂದು ಎಲೆಯ ಮೇಲೆ ಪುಟ್ಟ ಅಂಗೈ ಬಂತು. ಸೌಟು ನಿಂತಿತು. ಸಾಹುಕಾರ ಮುಂದಿನ ಎಲೆಗೆ ಹೋದ.

ಕೂಸು ತನ್ನ ಅಂಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಿತು. ಇಲ್ಲಿಯ ತನಕ ಅದರ ‘ಸಾಕು’ ಒಂದು ಸಲವಾದರೂ ನಡೆದಿರಲಿಲ್ಲ. ಇವತ್ತು ನಡೆಯಿತು. ತಾಯಿಯನ್ನು ನೋಡಿ ನಕ್ಕಿತು. ರೊಟ್ಟಿ ಬಂತು, ಅಂಗೈ. ಪಲ್ಯ ಬಂತು, ಅಂಗೈ. ಅನ್ನ ಬಂತು, ಅದಕ್ಕೂ ಅಂಗೈ. ಕೂಸಿಗೆ ಆಟ, ತಾಯಿಗೆ ಪ್ರಾಣಸಂಕಟ. ಏನೋ ಅನ್ನಲು ಹೋದಳು, ಪಂಕ್ತಿಯಲ್ಲಿ ಗದರಿಸಬಾರದು ಅಂತ ತನ್ನ ಎಲೆಯ ಕಡೆ ತಿರುಗಿದಳು.

ಎಲ್ಲರೂ ಉಣ್ಣತೊಡಗಿದರು. ಪಕ್ಕದ ಮುದುಕಿ ಬದನೇಕಾಯಿಯನ್ನು ರೊಟ್ಟಿಯಲ್ಲಿ ಹಿಚುಕಿ, ಕಣ್ಣು ಮುಚ್ಚಿ ಅಗಿಯುತ್ತಿದ್ದಳು. ಯಾರೂ ಕೂಸಿನ ಕಡೆ ನೋಡುತ್ತಿಲ್ಲ. ಯಾಕೆ ನೋಡಬೇಕು? ಅವರಿಗೆ ಅವರ ಹುಗ್ಗಿಯ ಚಿಂತೆ. ಮನೆಯಲ್ಲಿ ಎಲ್ಲರೂ ಅವಳು ಉಣ್ಣುವುದನ್ನು ನೋಡಿದ್ದರು, ಅವಳು ಮಾತ್ರ ಯಾರೂ ಉಣ್ಣುವುದನ್ನು ನೆಟ್ಟಗೆ ನೋಡಿರಲಿಲ್ಲ. ಈಗ ಖಾಲಿ ಎಲೆಯ ಮುಂದೆ ಕುಳಿತು ನೋಡಿತು. ನೋಡುತ್ತಾ ನೋಡುತ್ತಾ ಏನಾಯಿತು? ಹಸಿವಾಯಿತು. ಹೊಟ್ಟೆಗೂ ಮಾತು ಬರುತ್ತದೆ, ನೋಡಿ. ನಾವು ಸುಮ್ಮನಿದ್ದರೆ ಅದು ಮಾತಾಡುತ್ತದೆ.

ಸಾಹುಕಾರ ಎರಡನೆಯ ಸುತ್ತು ಬಂದಾಗ ಕೂಸು ಕೈ ಅಡ್ಡ ಹಿಡಿಯಲಿಲ್ಲ. “ಅಜ್ಜಾ, ನನಗ ಒಂಚೂರು ನೀಡು” ಅಂದಿತು.

ಸಾಹುಕಾರ ತಲೆ ಎತ್ತಿದ. ನೀಲವ್ವ. ಮನೆಯ ಕೂಸು ಬಾಯಿ ಬಿಟ್ಟು ಕೇಳುತ್ತಿದೆ. ಆ ಮನುಷ್ಯನ ಸಂತೋಷ ನೀವೇ ಊಹಿಸಿಕೊಳ್ಳಿ. ಆ ಸಂತೋಷದಲ್ಲಿ ಏನು ಮಾಡಿದ? ಒಂದು ಸೌಟು ಹಾಕಿದ. ಇನ್ನೊಂದು ಹಾಕಿದ. “ಉಣ್ಣು ನಮ್ಮವ್ವಾ, ಉಣ್ಣು” ಅನ್ನುತ್ತಾ ಮತ್ತೊಂದು ಸುರಿದ. ಹಿಂದೆ ಬಂದ ಪಲ್ಯದವನನ್ನು ಕರೆದು ಬದನೇಕಾಯಿಯನ್ನೂ ಹಾಕಿಸಿದ. ಕೂಸು ಎರಡೂ ಕೈ ಎಲೆಯ ಮೇಲೆ ತಂದಿತು. ಸೌಟು ನಿಲ್ಲಲಿಲ್ಲ. ಹುಗ್ಗಿ ಬೆರಳುಗಳ ಮೇಲೇ ಬಿತ್ತು.

ಕೂಸು ಅಳಲಿಲ್ಲ. ಕೈ ಹಿಂದಕ್ಕೆ ತೆಗೆದುಕೊಂಡು ತುಟಿ ಬಿಗಿದುಕೊಂಡಿತು. ಆ ತುಟಿ ಸೊಸೆಗೆ ಗೊತ್ತು. ಅಷ್ಟು ವರ್ಷ ಮಾವನಿಗೆ ಎದುರಾಡದ ಹೆಣ್ಣುಮಗಳು, ಸಾಲಿನವರೆಲ್ಲ ಕೇಳುವ ಹಾಗೆ ಅಂದಳು: “ಊರಮಂದಿ ಕೈ ಅಡ್ಡ ಹಿಡಿದ್ರ ನಿಲ್ತೀರಿ ಮಾವಾರ. ಈ ಕೂಸಿನ ಕೈ ನಿಮಗ ಕಾಣಲಿಲ್ಲೇನ್ರಿ?”

ಸಾಹುಕಾರ ಕೂಸಿನ ಬೆರಳು ನೋಡಿದ, ಎಲೆ ನೋಡಿದ. ಮಠದ ನಿಯಮ ನಿಮಗೆ ಗೊತ್ತು, ಎಲೆಯಲ್ಲಿ ಪ್ರಸಾದ ಬಿಡುವಂತಿಲ್ಲ. ಅಷ್ಟನ್ನು ಕೂಸು ಉಣ್ಣಲಾರದು. ಹಾಗಾದರೆ ಯಾರು ಉಣ್ಣಬೇಕು? ಬಡಿಸುವವನು ಪಂಕ್ತಿ ಏಳುವ ತನಕ ಕೂರುವಂತಿಲ್ಲ, ಅದೂ ಒಂದು ನಿಯಮ. ಅದನ್ನು ಅವನು ಅವತ್ತು ಮುರಿದ. ಬಕೀಟು ಪಕ್ಕಕ್ಕಿಟ್ಟು ಮೊಮ್ಮಗಳ ಎದುರು ನೆಲದ ಮೇಲೆ ಕುಳಿತ.

“ನಂದು ತಪ್ಪಾತವ್ವಾ. ನಾ ನೀಡಿದ್ದು ನಾನೇ ಉಣ್ತೀನಿ” ಅಂದ.

ಅದೇ ಎಲೆಯಿಂದ ತೆಗೆದು ಉಣ್ಣತೊಡಗಿದ. ಮಾಡಿದ್ದುಣ್ಣೋ ಮಹಾರಾಯ ಅನ್ನುವ ಗಾದೆ ಕೇಳಿದ್ದೀರಿ. ಇವನು ಬಡಿಸಿದ್ದನ್ನು ಉಂಡ ಮಹಾರಾಯ. ಕೂಸು ಕಣ್ಣು ಕೀಳದೆ ನೋಡಿತು. ಅವನು ಬದನೇಕಾಯಿಯ ಹೋಳು ಬಾಯಿಗಿಟ್ಟಾಗ “ಖಾರ ಐತೇನಜ್ಜಾ?” ಅಂತ ಕೇಳಿತು.

“ಒಂಚೂರು ಐತಿ.”

ಅಷ್ಟೇ. ‘ಭಾಳ ರುಚಿ ಐತಿ, ನೀನೂ ತಿನ್ನು’ ಅನ್ನುವುದು ನಾಲಿಗೆಯ ತುದಿಗೆ ಬಂದಿತ್ತು, ಅದನ್ನು ನುಂಗಿಕೊಂಡ. ನನ್ನನ್ನು ಕೇಳಿದರೆ, ಆ ದಿನ ಅವನು ನುಂಗಿದ ತುತ್ತುಗಳಲ್ಲಿ ಅದೇ ದೊಡ್ಡದು. ಸ್ವಲ್ಪ ಹೊತ್ತಿಗೆ ಎಲೆಯ ಆ ಕಡೆಯಿಂದ ಪುಟ್ಟ ಕೈ ಬಂತು. ಹುಗ್ಗಿಯಲ್ಲಿ ಒಂದು ಬೆರಳು ಅದ್ದಿತು, ಬಾಯಿಗೆ ಹೋಯಿತು. ಮತ್ತೆ ಬಂತು. ಈ ಸಲ ಇಡೀ ಕೈ ಬಂತು. ಯಾರೂ ಏನೂ ಅನ್ನಲಿಲ್ಲ. ಒಂದಿಷ್ಟು ತುತ್ತಾದ ಮೇಲೆ ಕೂಸು “ಸಾಕು” ಅಂದಿತು. ಎಷ್ಟೋ ತಿಂಗಳಾಗಿತ್ತು ಆ ಮಾತು ಅದರ ಬಾಯಿಂದ ಬಂದು.

“ಹೂಂ, ಸಾಕು” ಅಂದ ಸಾಹುಕಾರ. ಸೊಸೆ ಸೆರಗನ್ನು ಕಣ್ಣಿಗೆ ಒತ್ತಿಕೊಂಡಳು.

ಮರುದಿನದಿಂದ ಕೂಸು ಎಲ್ಲವನ್ನೂ ಉಂಡು ದುಂಡಗಾಯಿತು ಅಂತ ಹೇಳಲಾರೆ. ಇಲ್ಲಿ ಕುಳಿತು ಸುಳ್ಳು ಹೇಳುವಂತಿಲ್ಲ. ಮೆಂತ್ಯ ಇವತ್ತಿಗೂ ಅವಳಿಗೆ ಸೇರುವುದಿಲ್ಲವಂತೆ. ಆದರೆ ಕೆನ್ನೆಯಲ್ಲಿ ತುತ್ತು ಇಟ್ಟುಕೊಳ್ಳುವುದು ನಿಂತಿತು. ತಾಟಿನ ಸದ್ದಿಗೆ ಹೆದರುವುದು ನಿಂತಿತು. ನಿಧಾನಕ್ಕೆ ಮೈ ತುಂಬಿಕೊಂಡಿತು.

ಈಗ ನಿಮ್ಮ ಮನೆಗೆ ಬರೋಣ. ನಮ್ಮ ಕನ್ನಡದಲ್ಲಿ ತೃಪ್ತಿಯಾಯಿತು ಅನ್ನುವುದಕ್ಕೂ ‘ಸಾಕು’, ಮಗುವನ್ನು ಬೆಳೆಸು ಅನ್ನುವುದಕ್ಕೂ ‘ಸಾಕು’. ಅವೆರಡೂ ಬೇರೆ ಬೇರೆ ಮಾತು ಅಂತ ವ್ಯಾಕರಣ ಬಲ್ಲವರು ಹೇಳಬಹುದು, ಹೇಳಲಿ. ಮಕ್ಕಳನ್ನು ಸಾಕುತ್ತಿದ್ದೇವೆ ಅನ್ನುತ್ತೀರಲ್ಲ, ಆ ಮಕ್ಕಳು ಸಾಕು ಅಂದದ್ದು ನಿಮ್ಮ ಕಿವಿಗೆ ಬೀಳದಿದ್ದರೆ ನೀವು ಸಾಕಿದ್ದೇನು? ಇವತ್ತು ಊಟದ ವಿಷಯದಲ್ಲಿ ತನ್ನ ‘ಸಾಕು’ ನಡೆಯುವುದಿಲ್ಲ ಅಂತ ಕಲಿತ ಮಗು, ನಾಳೆ ದೊಡ್ಡದಾದ ಮೇಲೆ ಯಾವ ವಿಷಯಕ್ಕೆ, ಯಾರ ಎದುರಿಗೆ ‘ಸಾಕು’ ಅಂದೀತು?

ಹಾಗಾದರೆ ಮಾಡುವುದೇನು? ಮಗುವಿನ ಎದುರು ಕಾವಲು ಕೂರಬೇಡಿ, ಜೊತೆಗೆ ಉಣ್ಣಿ. ಗಂಡಸರೇ, ಈ ಮಾತು ನಿಮಗೂ ಸೇರಿದ್ದು, ಮೊಬೈಲು ಕಿಸೆಯಲ್ಲೇ ಇರಲಿ. ಮಗುವಿಗೆಂದು ಬೇರೆ ಒಲೆ ಹೊತ್ತಿಸಬೇಡಿ. ಮನೆಮಂದಿಗೆ ಮಾಡಿದ ರೊಟ್ಟಿ, ಕಾಳು, ಪಲ್ಯವನ್ನೇ ನಡುವೆ ಇಡಿ, ಅದರ ಪಕ್ಕ ಮಗು ಉಣ್ಣಬಲ್ಲದ್ದು ಏನಾದರೊಂದು, ಅನ್ನವೋ ಮೊಸರೋ, ಇರಲಿ. ಉಗುರಿನಷ್ಟು ಬಡಿಸಿ. ಕೇಳಿದರೆ ಹಾಕಿ, ಕೇಳಿದಷ್ಟೇ ಹಾಕಿ. ಅಜ್ಜಿಯರೇ, ‘ಎಷ್ಟು ಸೊರಗೈತಿ ಕೂಸು’ ಅನ್ನುವ ಮಾತನ್ನು ಮಗುವಿನ ಮುಂದೆ ಆಡಬೇಡಿ, ಸೊಸೆಯ ಮುಂದಂತೂ ಆಡಲೇಬೇಡಿ. ನಿಜವಾಗಿ ಸೊರಗಿದ್ದರೆ ಡಾಕ್ಟರ ಹತ್ತಿರ ಹೋಗಿ, ನನ್ನ ಹತ್ತಿರ ಬರಬೇಡಿ. ಅನ್ನ ದಂಡವಾಗುತ್ತದಲ್ಲ ಅನ್ನುತ್ತೀರಾ? ಹೆಚ್ಚಿಗೆ ಬಡಿಸಿದವರು ಯಾರೋ ಅವರು ಉಣ್ಣಲಿ.

ಮನೆಗೆ ಹೋದ ಮೇಲೆ ಊಟಕ್ಕೆ ಕೂರುತ್ತೀರಿ. ಮಗು ‘ಸಾಕು’ ಅನ್ನುತ್ತದೆ. ಆಗ ತಾಯಂದಿರೇ, ನಿಮ್ಮ ಕೈಯಲ್ಲಿ ಒಂದು ತುತ್ತು ಉಳಿದಿರುತ್ತದೆ. ಅದನ್ನು ಹಿಡಿದುಕೊಂಡು ಮಗುವಿನ ಹಿಂದೆ ಓಡಬೇಡಿ. ನಿಮ್ಮ ಬಾಯಿಗೆ ಹಾಕಿಕೊಳ್ಳಿ. ಬೆಳಗಿನಿಂದ ನೀವು ಉಂಡಿರಾ ಅಂತ ನಿಮ್ಮನ್ನು ಯಾರೂ ಕೇಳಿಲ್ಲ, ನೀವೂ ಹಸಿದಿದ್ದೀರಿ.